ಒಂದು ಗ್ರಾಂ ರೇಡಿಯಂ: ವಿಕಿರಣಶೀಲತೆಗೆ ಅಳತೆ ದೊರೆತ ಬಗೆ

ವಿಕಿರಣಶೀಲತೆಯು 1896ರಲ್ಲಿ ಪ್ಯಾರಿಸಿನಲ್ಲಿ ಬೆಳಕಿಗೆ ಬಂದರೂ, ಅದನ್ನು ಎಲ್ಲ ದೇಶಗಳ ವಿಜ್ಞಾನಿಗಳೂ ಒಂದೇ ರೀತಿಯಲ್ಲಿ ಅಳೆಯಬಲ್ಲ ಏಕಮಾನವೊಂದು ರೂಪುಗೊಳ್ಳಲು 1910ರವರೆಗೆ ಕಾಯಬೇಕಾಯಿತು. ಆ ಏಕಮಾನವು ತಾನು ಆತುಕೊಂಡಿದ್ದ ವಸ್ತುವಿನಿಂದ ಬಿಡಿಸಿಕೊಂಡು ಬರಿಯ ಎಣಿಕೆಯಾಗಿ ನಿಲ್ಲಲು ಮತ್ತೆ ನಲವತ್ತು ವರ್ಷ ಹಿಡಿಯಿತು. ಈ ವಿಳಂಬದ ಕಾರಣ ಅಳೆಯಬೇಕಾದ ಸಂಗತಿಯ ಸ್ವರೂಪದಲ್ಲೇ ಇತ್ತು. ಅಕ್ಕಿಯನ್ನು ಸೇರಿನಲ್ಲಿ, ಚಿನ್ನವನ್ನು ತೊಲದಲ್ಲಿ ಅಳೆಯುವಾಗ ಎಷ್ಟು ಪದಾರ್ಥ ಇದೆ ಎಂಬುದಷ್ಟೇ ಪ್ರಶ್ನೆ. ವಿಕಿರಣಶೀಲ ಪದಾರ್ಥದ ವಿಷಯದಲ್ಲಾದರೋ ಅದರೊಳಗೆ ಪ್ರತಿ ಕ್ಷಣವೂ ಎಷ್ಟು ಪರಮಾಣುಗಳು ಒಡೆದು ಬೇರೆ ಧಾತುವಾಗಿ ಮಾರ್ಪಡುತ್ತಿವೆ ಎಂಬುದೇ ತಿಳಿಯಬೇಕಾದದ್ದು. ಈ ಮಾರ್ಪಾಟಿಗೆ ಕ್ಷಯ ಎಂದು ಹೆಸರು. ಕಣ್ಣಿಗೆ ಕಾಣದ, ತಡೆಯಲೂ ಆಗದ, ಅವಸರಪಡಿಸಲೂ ಆಗದ ಒಂದು ಘಟನೆಯ ವೇಗಕ್ಕೆ ಮಾನ ಹುಡುಕುವ ಕೆಲಸ ಅದಾಗಿತ್ತು.

ಆನ್ರಿ ಬೆಕೆರೆಲ್ ಅವರು ಯುರೇನಿಯಂ ಲವಣದಿಂದ ಹೊರಡುವ ಕಿರಣಗಳನ್ನು ಗುರುತಿಸಿದ್ದು ಕಪ್ಪು ಕಾಗದದಲ್ಲಿ ಸುತ್ತಿಟ್ಟ ಛಾಯಾಚಿತ್ರದ ಫಲಕಗಳು ಕಪ್ಪಾದುದರಿಂದ. ಫಲಕ ಎಷ್ಟು ಕಪ್ಪಾಯಿತು ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬಹುದಿತ್ತೇ ಹೊರತು ಅಂಕಿಗಳಲ್ಲಿ ಹೇಳುವಂತಿರಲಿಲ್ಲ. ಅಳತೆಯ ನಿಜವಾದ ಆರಂಭ ಎರಡು ವರ್ಷಗಳ ಅನಂತರ, ಮೇರಿ ಕ್ಯೂರಿ ಅವರ ಪ್ರಯೋಗ ಮೇಜಿನ ಮೇಲೆ ಆಯಿತು. ಈ ಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅವುಗಳಿಗೆ ವಿದ್ಯುದಾವೇಶ ಕೊಡುತ್ತವೆ. ಇದಕ್ಕೆ ಅಯಾನೀಕರಣ ಎನ್ನುತ್ತಾರೆ. ಹಾಗೆ ಆವಿಷ್ಟವಾದ ಗಾಳಿ ಅತ್ಯಲ್ಪವಾದರೂ ವಿದ್ಯುತ್ತನ್ನು ಹರಿಯಗೊಡುತ್ತದೆ. ಮೇರಿ ಅವರು 8 ಸೆಂಟಿಮೀಟರ್ ವ್ಯಾಸದ ಎರಡು ಲೋಹದ ತಟ್ಟೆಗಳನ್ನು 3 ಸೆಂಟಿಮೀಟರ್ ಅಂತರದಲ್ಲಿ ಒಂದರ ಮೇಲೊಂದು ನಿಲ್ಲಿಸಿ, ಕೆಳಗಿನ ತಟ್ಟೆಯ ಮೇಲೆ ಪರೀಕ್ಷಿಸಬೇಕಾದ ಪುಡಿಯನ್ನು ತೆಳುವಾಗಿ ಹರಡಿ, ಎರಡರ ನಡುವೆ 100 ವೋಲ್ಟ್ ಒತ್ತಡ ಕೊಟ್ಟರು. ಹರಿದ ವಿದ್ಯುತ್ತನ್ನು ಅಳೆಯಲು ಪತಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಸೇರಿ ರೂಪಿಸಿದ್ದ ಸ್ಫಟಿಕ ಶಿಲೆಯ ಉಪಕರಣ ಒದಗಿತು. ಸ್ಫಟಿಕದ ತೆಳುಪಟ್ಟಿಗೆ ತೂಕ ತೂಗಿಬಿಟ್ಟರೆ ಅದರಲ್ಲಿ ನಿಶ್ಚಿತ ಪ್ರಮಾಣದ ವಿದ್ಯುದಾವೇಶ ಹುಟ್ಟುತ್ತದೆ. ಒಂದು ಕೈಯಿಂದ ಆ ತೂಕದ ಭಾರವನ್ನು ಮೆಲ್ಲಮೆಲ್ಲನೆ ಸ್ಫಟಿಕಕ್ಕೆ ಬಿಡುತ್ತ, ತಟ್ಟೆಗಳಿಂದ ಬರುವ ಆವೇಶವನ್ನು ಸ್ಫಟಿಕದ ಆವೇಶದಿಂದ ಸರಿದೂಗಿಸಿ, ಗಾಜಿನ ಅಳತೆಪಟ್ಟಿಯ ಮೇಲಿನ ಬೆಳಕಿನ ಚುಕ್ಕಿ ಸೊನ್ನೆಯಿಂದ ಕದಲದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಗಡಿಯಾರ ನೋಡಿಕೊಳ್ಳಬೇಕಿತ್ತು. ಕೈ ತುಸು ನಡುಗಿದರೂ ಅಳತೆ ಕೆಡುವ ಈ ಕೆಲಸವನ್ನು ಅವರು ದಿನಗಟ್ಟಲೆ ಮಾಡಿದರು.

ಆದರೆ ಆ ಅಳತೆಗೆ ಹೆಸರಿನ ಮಾನವಿರಲಿಲ್ಲ. ಹೊಸ ಪದಾರ್ಥದ ಚಟುವಟಿಕೆಯನ್ನು ಯುರೇನಿಯಮ್ಮಿನ ಇಷ್ಟು ಪಟ್ಟು ಎಂದು ಹೇಳುವುದೇ ರೂಢಿಯಾಯಿತು. 1898ರ ಜುಲೈಯಲ್ಲಿ ಪೊಲೋನಿಯಂ ಇದ್ದ ಪದಾರ್ಥವನ್ನು ಯುರೇನಿಯಮ್ಮಿಗಿಂತ 400 ಪಟ್ಟು, ಡಿಸೆಂಬರಿನಲ್ಲಿ ರೇಡಿಯಂ ಇದ್ದ ಪದಾರ್ಥವನ್ನು 900 ಪಟ್ಟು ಚಟುವಟಿಕೆಯದೆಂದು ಕ್ಯೂರಿ ದಂಪತಿಗಳು ವರದಿ ಮಾಡಿದರು. ಈ ಪಟ್ಟುಗಳ ಲೆಕ್ಕ ಒಂದೇ ಪ್ರಯೋಗಾಲಯದ ಒಳಗೆ ನಡೆಯುತ್ತಿತ್ತು. ತಟ್ಟೆಯ ಗಾತ್ರ, ಪುಡಿಯ ದಪ್ಪ, ವೋಲ್ಟೇಜು ಬೇರೆಯಾದ ಕಡೆ ಅದೇ ಪದಾರ್ಥ ಬೇರೆ ಅಂಕಿ ಕೊಡುತ್ತಿತ್ತು. ಹಿಂದೆ ಊರಿಗೊಂದು ಸೇರು, ಸಂತೆಗೊಂದು ಬಳ್ಳ ಇದ್ದಂತೆಯೇ ಇದು.

ಅಳತೆಯ ಹಿಂದಿನ ತತ್ತ್ವ ಸ್ಪಷ್ಟವಾದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಥೋರಿಯಮ್ಮಿನಿಂದ ಹೊಮ್ಮುವ ವಿಕಿರಣಶೀಲ ಅನಿಲದ ಶಕ್ತಿ ಸುಮಾರು ಒಂದು ನಿಮಿಷಕ್ಕೆ ಅರ್ಧವಾಗುತ್ತದೆ, ಮತ್ತೊಂದು ನಿಮಿಷಕ್ಕೆ ಉಳಿದದ್ದರ ಅರ್ಧವಾಗುತ್ತದೆ ಎಂಬುದನ್ನು ಅರ್ನೆಸ್ಟ್ ರುದರ್‌ಫೋರ್ಡ್ ಅವರು 1900ರಲ್ಲಿ ತೋರಿಸಿದರು. ಹೀಗೆ ಪದಾರ್ಥದ ಅರ್ಧಭಾಗ ಕ್ಷಯಿಸಲು ಹಿಡಿಯುವ ಕಾಲವೇ ಅರ್ಧಾಯು. ಮುಂದೆ ಫ್ರೆಡರಿಕ್ ಸಾಡಿ ಅವರೊಡನೆ ಸೇರಿ, ವಿಕಿರಣವೆಂಬುದು ಪರಮಾಣು ಒಂದು ಧಾತುವಿನಿಂದ ಇನ್ನೊಂದಕ್ಕೆ ಮಾರ್ಪಡುವುದರ ಗುರುತು ಎಂದೂ, ಒಂದು ಕ್ಷಣದಲ್ಲಿ ಕ್ಷಯಿಸುವ ಪರಮಾಣುಗಳ ಸಂಖ್ಯೆ ಆ ಕ್ಷಣದಲ್ಲಿ ಉಳಿದಿರುವ ಪರಮಾಣುಗಳ ಸಂಖ್ಯೆಗೆ ಅನುಪಾತದಲ್ಲಿರುತ್ತದೆಂದೂ ಅವರು ಪ್ರತಿಪಾದಿಸಿದರು. ಇದರಿಂದ ಹೊಳೆದದ್ದೇನೆಂದರೆ, ಅಲ್ಪಾಯುವಿನ ಪದಾರ್ಥ ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದರೂ ದೀರ್ಘಾಯುವಿನ ಪದಾರ್ಥದ ರಾಶಿಗೆ ಸಮನಾದ ಚಟುವಟಿಕೆ ತೋರಬಲ್ಲದು, ಆದ್ದರಿಂದ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು.

ಈ ನಡುವೆ ರೇಡಿಯಂ ವ್ಯಾಪಾರದ ಸರಕಾಯಿತು. ಬೊಹೀಮಿಯಾದ ಯೋಆಖಿಮ್ಸ್‌ಥಾಲ್ ಗಣಿಗಳ ಅದಿರಿನಿಂದ ಬೇರ್ಪಡಿಸಿದ ರೇಡಿಯಂ ಲವಣಗಳು ಕ್ಯಾನ್ಸರ್ ಚಿಕಿತ್ಸೆಗೆಂದು ಮಿಲಿಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದವು. ಅದರ ಬೆಲೆ ಎಷ್ಟೆಂದರೆ, 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಮೇರಿ ಕ್ಯೂರಿ ಅವರಿಗೆ ಒಂದು ಗ್ರಾಂ ರೇಡಿಯಂ ಕೊಡಿಸಲು ಒಂದು ಲಕ್ಷ ಡಾಲರ್ ಬೇಕಾಯಿತು. ಇಷ್ಟು ದುಬಾರಿಯಾದ ವಸ್ತುವಿನಲ್ಲಿ ಬೇರಿಯಂ ಎಷ್ಟು ಬೆರೆತಿದೆ, ಶುದ್ಧ ರೇಡಿಯಂ ಎಷ್ಟಿದೆ ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ರೋಗಿಯ ಚರ್ಮದ ಮೇಲೆ ಎಷ್ಟು ಹೊತ್ತು ಇಡಬೇಕೆಂದು ವೈದ್ಯರು ನಿರ್ಧರಿಸುತ್ತಿದ್ದದ್ದು ಈ ಅನಿಶ್ಚಿತ ಲವಣದ ನಂಬಿಕೆಯ ಮೇಲೆ. ವಿಜ್ಞಾನಕ್ಕೂ ಇದೇ ತೊಡಕು ಎದುರಾಗಿತ್ತು. 1908ರಲ್ಲಿ ರುದರ್‌ಫೋರ್ಡ್ ಮತ್ತು ಹಾನ್ಸ್ ಗೈಗರ್ ಅವರು ಮ್ಯಾಂಚೆಸ್ಟರಿನಲ್ಲಿ ಕ್ಷಯದ ವೇಳೆ ಹೊರಚಿಮ್ಮುವ ಆಲ್ಫಾ ಕಣಗಳನ್ನು ಒಂದೊಂದಾಗಿ ಎಣಿಸಿ, ಒಂದು ಗ್ರಾಂ ರೇಡಿಯಂ ಸೆಕೆಂಡಿಗೆ ಸುಮಾರು 3,400 ಕೋಟಿ ಕಣಗಳನ್ನು ಚಿಮ್ಮುತ್ತದೆ ಎಂದು ಲೆಕ್ಕ ಹಾಕಿದರು. ಎಣಿಕೆ ಎಷ್ಟೇ ನಿಖರವಾಗಿದ್ದರೂ, ತಮ್ಮ ಕೈಯಲ್ಲಿದ್ದ ಲವಣದಲ್ಲಿ ನಿಜವಾಗಿ ಎಷ್ಟು ಗ್ರಾಂ ರೇಡಿಯಂ ಇದೆ ಎಂಬುದು ಖಚಿತವಾಗದೆ ಆ ಅಂಕಿ ನಿಲ್ಲುವಂತಿರಲಿಲ್ಲ.

1910ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್ ನಗರದಲ್ಲಿ ಸೇರಿದ ರೇಡಿಯಾಲಜಿ ಮತ್ತು ವಿದ್ಯುತ್ತಿನ ಅಂತರರಾಷ್ಟ್ರೀಯ ಸಮ್ಮೇಳನವು ಈ ಗೊಂದಲವನ್ನು ಬಗೆಹರಿಸಲೆಂದು ಸಮಿತಿಯೊಂದನ್ನು ನೇಮಿಸಿತು. ರುದರ್‌ಫೋರ್ಡ್ ಅದರ ಅಧ್ಯಕ್ಷರು, ವಿಯೆನ್ನಾದ ಸ್ಟೆಫಾನ್ ಮೇಯರ್ ಕಾರ್ಯದರ್ಶಿ. ಮೇರಿ ಕ್ಯೂರಿ, ಆಂದ್ರೆ ಡೆಬಿಯೆರ್ನ್, ಓಟೋ ಹಾನ್, ಸಾಡಿ, ಅಮೆರಿಕದ ಬರ್ಟ್ರಮ್ ಬೋಲ್ಟ್‌ವುಡ್ ಮೊದಲಾದವರು ಸದಸ್ಯರು. ಶುದ್ಧ ರೇಡಿಯಂ ಲವಣದ ಒಂದು ಅಂತರರಾಷ್ಟ್ರೀಯ ಮಾದರಿಯನ್ನು ಮೇರಿ ಕ್ಯೂರಿ ಅವರೇ ಸಿದ್ಧಪಡಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ತಕರಾರು ಎದ್ದದ್ದು ಏಕಮಾನದ ವಿಷಯದಲ್ಲಿ. ನಾಲ್ಕು ವರ್ಷಗಳ ಹಿಂದೆ, 1906ರ ಏಪ್ರಿಲ್ 19ರಂದು, ಪ್ಯಾರಿಸಿನ ರಸ್ತೆಯಲ್ಲಿ ಕುದುರೆಗಾಡಿಯ ಅಡಿ ಸಿಕ್ಕಿ ತೀರಿಕೊಂಡಿದ್ದ ಪಿಯರ್ ಅವರ ನೆನಪಿಗೆ ಅದನ್ನು ‘ಕ್ಯೂರಿ’ ಎಂದು ಕರೆಯಬೇಕೆಂದು ಸಭೆ ಬಯಸಿತು. ಪ್ರಯೋಗಾಲಯಗಳಲ್ಲಿ ಬಳಕೆಗೆ ಬರುವ ಪ್ರಮಾಣಗಳು ತೀರ ಸಣ್ಣವಾದ್ದರಿಂದ ಮಾನವೂ ಸಣ್ಣದಿರಲಿ, ಗ್ರಾಮಿನ ಹತ್ತು ಕೋಟಿಯಲ್ಲೊಂದು ಭಾಗದ ಮಟ್ಟದ್ದಿರಲಿ ಎಂಬ ಸಲಹೆ ಮೊದಲು ಬಂದಿತ್ತು. ಅಷ್ಟೊಂದು ಅತ್ಯಲ್ಪ ಪ್ರಮಾಣಕ್ಕೆ ಆ ಹೆಸರಿಡುವುದು ಸಲ್ಲದೆಂದು ಮೇರಿ ಅವರು ಪಟ್ಟುಹಿಡಿದರೆಂದು ಬೋಲ್ಟ್‌ವುಡ್ ಬರೆದಿಟ್ಟಿದ್ದಾರೆ. ಕೊನೆಗೆ ಗೆದ್ದದ್ದು ಅವರ ಮಾತೇ.

ಹೀಗೆ, 1910ರ ಅಕ್ಟೋಬರ್ 6ರ ‘ನೇಚರ್’ ಪತ್ರಿಕೆಯಲ್ಲಿ ರುದರ್‌ಫೋರ್ಡ್ ಪ್ರಕಟಿಸಿದ ಪ್ರಕಾರ, ಒಂದು ಗ್ರಾಂ ರೇಡಿಯಮ್ಮಿನೊಂದಿಗೆ ಸಮತೋಲದಲ್ಲಿರುವ ರೇಡಿಯಂ ಅನಿಲದ ಪ್ರಮಾಣವೇ ಒಂದು ಕ್ಯೂರಿ. ಇಲ್ಲಿ ಅನಿಲವೆಂದರೆ ಇಂದು ರೇಡಾನ್ ಎಂದು ಕರೆಯಲಾಗುವ ಪದಾರ್ಥ. ರೇಡಿಯಂ ಕ್ಷಯಿಸಿದಂತೆ ರೇಡಾನ್ ಹುಟ್ಟುತ್ತದೆ, ಆ ರೇಡಾನ್ ಕೂಡ 3.8 ದಿನಗಳ ಅರ್ಧಾಯುವಿನಲ್ಲಿ ಕ್ಷಯಿಸುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಸುಮಾರು ಒಂದು ತಿಂಗಳು ಕಳೆದರೆ ಹುಟ್ಟುವುದೂ ಅಳಿಯುವುದೂ ಸರಿಸಮವಾಗಿ, ಅನಿಲದ ಪ್ರಮಾಣ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಲ್ಲುತ್ತದೆ. ಒಳಹರಿವೂ ಹೊರಹರಿವೂ ಸಮನಾದಾಗ ಕೆರೆಯ ನೀರಿನ ಮಟ್ಟ ನಿಂತಂತೆ ನಿಲ್ಲುವ ಈ ಸ್ಥಿತಿಗೇ ಸಮತೋಲವೆಂದು ಹೆಸರು. ಒಂದು ಗ್ರಾಂ ರೇಡಿಯಮ್ಮಿಗೆ ಹೀಗೆ ಜೊತೆಗೂಡುವ ರೇಡಾನ್ ಸಾಮಾನ್ಯ ಒತ್ತಡದಲ್ಲಿ ಒಂದು ಘನ ಮಿಲಿಮೀಟರಿನ ಮೂರನೇ ಎರಡು ಭಾಗದಷ್ಟೇ ಜಾಗ ಹಿಡಿಯುತ್ತದೆ, ಎಂದರೆ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಬಳಕೆಯ ದೃಷ್ಟಿಯಿಂದ ಕ್ಯೂರಿ ಬಹಳ ದೊಡ್ಡ ಮಾನವಾಯಿತು. ಮಿಲಿಕ್ಯೂರಿ, ಮೈಕ್ರೋಕ್ಯೂರಿ ಎಂದು ಕತ್ತರಿಸಿಕೊಂಡೇ ಜಗತ್ತು ಅದನ್ನು ಬಳಸಿತು. ಆದರೂ ಮೇರಿ ಅವರ ಹಟವನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗ್ರಾಂ ಎಂಬ ಪೂರ್ಣ ಮಾನಕ್ಕೆ ಕಟ್ಟಿದ ಅಳತೆಯನ್ನು ಯಾವ ದೇಶದವರಾದರೂ ನೆನಪಿಟ್ಟುಕೊಳ್ಳಬಹುದಿತ್ತು.

ಮಾದರಿಯ ತಯಾರಿ 1911ರ ಆಗಸ್ಟಿನಲ್ಲಿ ಮುಗಿಯಿತು. ಸುಮಾರು ಮೂರು ಸೆಂಟಿಮೀಟರ್ ಉದ್ದದ, ಕಾಲು ಮಿಲಿಮೀಟರ್ ದಪ್ಪದ ಗೋಡೆಯ ಸಪೂರ ಗಾಜಿನ ಕೊಳವೆಯೊಂದರಲ್ಲಿ 21.99 ಮಿಲಿಗ್ರಾಂ ಶುದ್ಧ ರೇಡಿಯಂ ಕ್ಲೋರೈಡನ್ನು ತುಂಬಿ, ಬಾಯನ್ನು ಕರಗಿಸಿ ಮುಚ್ಚಲಾಯಿತು. ಒಂದು ಚಿಟಿಕೆ ಉಪ್ಪಿಗೂ ಕಡಿಮೆಯಾದ ಆ ಲವಣದಲ್ಲಿದ್ದ ರೇಡಿಯಂ ಲೋಹ ಸುಮಾರು 16.7 ಮಿಲಿಗ್ರಾಂ ಮಾತ್ರ. ಇಡೀ ಜಗತ್ತಿನ ವಿಕಿರಣಶೀಲತೆಯ ಅಳತೆ ಇದನ್ನೇ ನೆಚ್ಚಿಕೊಳ್ಳಬೇಕಿತ್ತು. ಅದನ್ನು ತಮ್ಮ ಪ್ರಯೋಗಾಲಯದಲ್ಲೇ ಇಟ್ಟುಕೊಳ್ಳಲು ಮೇರಿ ಅವರು ಬಯಸಿದರು. ಪಿಯರ್ ಅವರೊಂದಿಗೆ ಆರಂಭಿಸಿದ ಕೆಲಸದ ಫಲವೆಂಬ ಮಮತೆ ಅದರ ಹಿಂದಿತ್ತು. ಅಂತರರಾಷ್ಟ್ರೀಯ ಮಾದರಿ ಒಬ್ಬ ವ್ಯಕ್ತಿಯ ಕೈಯಲ್ಲಿ ಇರಲಾಗದೆಂದು ರುದರ್‌ಫೋರ್ಡ್ ಗೌರವದಿಂದಲೇ ಆದರೂ ದೃಢವಾಗಿ ನಿಂತರು. ಈ ವಿಷಯದಲ್ಲಿ ರುದರ್‌ಫೋರ್ಡ್ ಹೇಳಿದ್ದೇ ಸರಿ. ಅಳತೆಗೋಲು ಅದನ್ನು ರೂಪಿಸಿದವರ ಮನೆಯಲ್ಲೇ ಉಳಿದರೆ, ಆ ಮನೆಯವರು ಎಷ್ಟೇ ಪ್ರಾಮಾಣಿಕರಾಗಿರಲಿ, ಅದು ಎಲ್ಲರ ಅಳತೆಗೋಲಾಗಲಾರದು.

ಒಂದೇ ಮಾದರಿಯನ್ನು ಕಣ್ಮುಚ್ಚಿ ನಂಬುವುದೂ ಸರಿಯಲ್ಲವೆಂದು, ವಿಯೆನ್ನಾದಲ್ಲಿ ಓಟೋ ಹೋನಿಗ್‌ಶ್ಮಿಡ್ ಅವರು ಸ್ವತಂತ್ರವಾಗಿ 10.11, 31.17 ಮತ್ತು 40.43 ಮಿಲಿಗ್ರಾಂ ರೇಡಿಯಂ ಕ್ಲೋರೈಡಿನ ಮೂರು ಕೊಳವೆಗಳನ್ನು ಸಿದ್ಧಪಡಿಸಿದ್ದರು. 1912ರ ಮಾರ್ಚ್ ಕೊನೆಯ ವಾರದಲ್ಲಿ ಸಮಿತಿ ಪ್ಯಾರಿಸಿನಲ್ಲಿ ಸೇರಿ ಎರಡು ಊರುಗಳ ಕೊಳವೆಗಳನ್ನು ಮುಖಾಮುಖಿ ಹೋಲಿಸಿತು. ಎರಡನೆಯ ನೊಬೆಲ್ ಪಡೆದ ಬೆನ್ನಲ್ಲೇ ಕಾಯಿಲೆ ಬಿದ್ದಿದ್ದ ಮೇರಿ ಅವರ ಪರವಾಗಿ ಡೆಬಿಯೆರ್ನ್ ಕೆಲಸ ನೋಡಿಕೊಂಡರು. ಕೊಳವೆಗಳನ್ನು ಒಡೆಯುವಂತಿರಲಿಲ್ಲವಾದ್ದರಿಂದ, ಗಾಜನ್ನು ದಾಟಿ ಬರುವ ಗಾಮಾ ಕಿರಣಗಳು ಗಾಳಿಯಲ್ಲಿ ಉಂಟುಮಾಡುವ ವಿದ್ಯುತ್ ಪ್ರವಾಹವನ್ನೇ ಹೋಲಿಕೆಗೆ ಆಧಾರ ಮಾಡಿಕೊಂಡರು. ಬೇರೆಬೇರೆ ಕೈಗಳು ಶುದ್ಧಗೊಳಿಸಿ ತೂಗಿದ ಆ ಲವಣಗಳ ಅಂಕಿಗಳು ಪ್ರಯೋಗದ ದೋಷದ ಮಿತಿಯೊಳಗೆ ಪರಸ್ಪರ ಹೊಂದಿದವು. ಅಳತೆಯ ಇತಿಹಾಸದಲ್ಲಿ ಇಷ್ಟು ನೆಮ್ಮದಿ ಕೊಡುವ ಘಟನೆಗಳು ವಿರಳ. ಪ್ಯಾರಿಸ್ ಕೊಳವೆ ಅಂತರರಾಷ್ಟ್ರೀಯ ಮಾದರಿಯೆಂದು ಅಂಗೀಕಾರವಾಯಿತು, ವಿಯೆನ್ನಾದ್ದು ಅದರ ಬೆಂಬಲಕ್ಕೆ ನಿಂತಿತು. 1913ರಲ್ಲಿ ಪ್ಯಾರಿಸಿನ ಹೊರವಲಯದ ಸೆವ್ರ್‌ನಲ್ಲಿ, ಮೀಟರು ಮತ್ತು ಕಿಲೋಗ್ರಾಮಿನ ಮೂಲ ಮಾದರಿಗಳಿದ್ದ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಕಚೇರಿಯ ಸುಪರ್ದಿಗೆ ಅದು ಸೇರಿತು.

ಸೆವ್ರ್‌ನ ಕಿಲೋಗ್ರಾಂ ಸುಮ್ಮನೆ ಕೂತಿರುವ ಲೋಹ. ರೇಡಿಯಂ ಹಾಗಲ್ಲ; ಅದರ ಅರ್ಧಾಯು ಸುಮಾರು 1,600 ವರ್ಷಗಳಾದ್ದರಿಂದ ಮಾದರಿಯಾಗಿ ಇಟ್ಟ ಪದಾರ್ಥ ಇಟ್ಟಲ್ಲೇ ಸವೆಯುತ್ತಿತ್ತು, ಒಂದು ನೂರು ವರ್ಷದಲ್ಲಿ ಶೇಕಡಾ 4ರಷ್ಟು. ಆ ಸವೆತವನ್ನು ಗಣಿತದಿಂದ ಸರಿಪಡಿಸಿಕೊಳ್ಳಬಹುದಿತ್ತು. ಗಣಿತಕ್ಕೆ ಸಿಗದ ಅಪಾಯ ಕೊಳವೆಯೊಳಗೇ ಬೆಳೆಯುತ್ತಿತ್ತು: ಹೊರಚಿಮ್ಮಿದ ಪ್ರತಿ ಆಲ್ಫಾ ಕಣವೂ ಎರಡು ಎಲೆಕ್ಟ್ರಾನುಗಳನ್ನು ಹಿಡಿದುಕೊಂಡು ಹೀಲಿಯಂ ಅನಿಲವಾಗುತ್ತದೆ, ಮುಚ್ಚಿದ ಗಾಜಿನಲ್ಲಿ ಆ ಅನಿಲದ ಒತ್ತಡ ವರ್ಷದಿಂದ ವರ್ಷಕ್ಕೆ ಏರುತ್ತದೆ, ನಿರಂತರ ವಿಕಿರಣಕ್ಕೆ ಒಡ್ಡಿಕೊಂಡ ಗಾಜೂ ಬಣ್ಣಗೆಟ್ಟು ಬಲಗುಂದುತ್ತದೆ. ಹಳೆಯ ಕೊಳವೆಗಳು ಸಿಡಿದುಬಿಡಬಹುದೆಂಬ ಆತಂಕದಿಂದಲೇ 1934ರಲ್ಲಿ ಹೋನಿಗ್‌ಶ್ಮಿಡ್ ಅವರು ಇಪ್ಪತ್ತು ಹೊಸ ಮಾದರಿಗಳನ್ನು ಸಿದ್ಧಪಡಿಸಬೇಕಾಯಿತು.

ಅದೇ 1934ರಲ್ಲಿ ಮೇರಿ ಅವರ ಮಗಳು ಐರೀನ್ ಮತ್ತು ಅಳಿಯ ಫ್ರೆಡೆರಿಕ್ ಜೋಲಿಯೋ ಅವರು ಸಾಮಾನ್ಯ ಧಾತುಗಳನ್ನು ಕೃತಕವಾಗಿ ವಿಕಿರಣಶೀಲಗೊಳಿಸಬಹುದೆಂದು ತೋರಿಸಿದರು. ಕ್ಯೂರಿ ಮಾನದ ಬುಡ ಅಲುಗಿದ್ದು ಇದರಿಂದ. ರೇಡಿಯಂ ಕುಟುಂಬಕ್ಕೆ ಸೇರಿದ ಪದಾರ್ಥಕ್ಕಾದರೆ ರೇಡಿಯಮ್ಮಿನ ಜೊತೆ ಸಮತೋಲ ಎಂಬ ಮಾತಿಗೆ ಅರ್ಥವಿದೆ. ಕಣಗಳನ್ನು ವೇಗಗೊಳಿಸುವ ಸೈಕ್ಲೋಟ್ರಾನ್ ಯಂತ್ರದಲ್ಲಿ ಹುಟ್ಟಿದ ರಂಜಕಕ್ಕೋ ಅಯೋಡಿನ್ನಿಗೋ ರೇಡಿಯಮ್ಮಿನೊಂದಿಗೆ ಯಾವ ನಂಟೂ ಇಲ್ಲ. ಒಂದು ಗ್ರಾಂ ರೇಡಿಯಂ ಸೆಕೆಂಡಿಗೆ ಎಷ್ಟು ಕ್ಷಯ ತೋರುತ್ತದೋ ಅಷ್ಟೇ ಕ್ಷಯ ತೋರುವ ಯಾವುದೇ ಪದಾರ್ಥವನ್ನು ಒಂದು ಕ್ಯೂರಿ ಎಂದು ಕರೆಯುವ ಅಭ್ಯಾಸ ಹರಡಿತಾದರೂ, ಆ ಸಂಖ್ಯೆ ಎಷ್ಟೆಂಬುದೇ ಸ್ಥಿರವಾಗಿರಲಿಲ್ಲ. ಪ್ರತಿಯೊಂದು ಹೊಸ ಅಳತೆಯೂ ಅದನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸುತ್ತಿತ್ತು. 1930ರಲ್ಲಿ ಅಂತರರಾಷ್ಟ್ರೀಯ ರೇಡಿಯಂ ಮಾದರಿ ಆಯೋಗವು 3,700 ಕೋಟಿಯನ್ನು ಶಿಫಾರಸು ಮಾಡಿತ್ತು. ಯುದ್ಧಾನಂತರ, 1946ರ ಆಗಸ್ಟಿನಲ್ಲಿ, ಅಮೆರಿಕದ ಓಕ್ ರಿಜ್ ರಿಯಾಕ್ಟರಿನ ಕಾರ್ಬನ್-14 ಮೊದಲ ಬಾರಿಗೆ ಸೇಂಟ್ ಲೂಯಿಸಿನ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ, ಕ್ಯೂರಿಯ ಲೆಕ್ಕದಲ್ಲಿ ಮಾರಾಟವಾಗುವ ವಸ್ತುಗಳ ಹೊಸ ಯುಗವೇ ತೆರೆಯಿತು. ಅದೇ ವರ್ಷ ಅಮೆರಿಕದ ಮಾನಕಗಳ ಸಂಸ್ಥೆಯ ಎಡ್ವರ್ಡ್ ಕಾಂಡನ್ ಮತ್ತು ಲಿಯಾನ್ ಕರ್ಟಿಸ್ ಅವರು ರೇಡಿಯಮ್ಮಿನ ಗೊಡವೆಯೇ ಬೇಡವೆಂದು, ಸೆಕೆಂಡಿಗೆ ಹತ್ತು ಲಕ್ಷ ಕ್ಷಯಗಳ ಹೊಸ ಮಾನವೊಂದನ್ನು ‘ರುದರ್‌ಫೋರ್ಡ್’ ಹೆಸರಿನಲ್ಲಿ ಮುಂದಿಟ್ಟರು. ತರ್ಕಬದ್ಧವಾದ ಸಲಹೆ, ಗೌರವದ ಹೆಸರು; ಆದರೂ ಬಳಕೆ ಬೇರೂರಲಿಲ್ಲ. 1950ರಲ್ಲಿ ಅಂತರರಾಷ್ಟ್ರೀಯ ಜಂಟಿ ಆಯೋಗವು ಹಳೆಯ ಹೆಸರನ್ನು ಉಳಿಸಿಕೊಂಡು ಅರ್ಥವನ್ನು ಬದಲಿಸಿತು: ಸೆಕೆಂಡಿಗೆ ಸರಿಯಾಗಿ 3,700 ಕೋಟಿ ಕ್ಷಯಗಳಿದ್ದರೆ ಅದು ಒಂದು ಕ್ಯೂರಿ, ಪದಾರ್ಥ ಯಾವುದಾದರೂ ಸರಿ. ಇಂದಿನ ಅಳತೆಯಂತೆ ಒಂದು ಗ್ರಾಂ ರೇಡಿಯಂ ತೋರುವುದು ಸುಮಾರು 3,660 ಕೋಟಿ ಕ್ಷಯಗಳನ್ನು; ಎಂದರೆ ಯಾವ ಒಂದು ಗ್ರಾಮಿಗಾಗಿ ಮೇರಿ ಅವರು ಹೋರಾಡಿದ್ದರೋ ಅದೇ ಈಗ ಒಂದು ಕ್ಯೂರಿಗೆ ಶೇಕಡಾ 1ರಷ್ಟು ಕಡಿಮೆ.

ಇಷ್ಟರಲ್ಲಿ ಬೇರೊಂದು ಅಳತೆಯ ಸರಣಿಯೂ ಬೆಳೆದಿತ್ತು. ಮೋಡದಿಂದ ಎಷ್ಟು ಹನಿ ಉದುರಿತು, ಹೊಲ ಎಷ್ಟು ನೀರು ಕುಡಿಯಿತು, ಪೈರಿಗೆ ಎಷ್ಟು ಪೆಟ್ಟಾಯಿತು ಎಂಬವು ಹೇಗೆ ಬೇರೆಬೇರೆ ಪ್ರಶ್ನೆಗಳೋ ಹಾಗೆಯೇ ವಿಕಿರಣದಲ್ಲೂ ಮೂಲದ ಚಟುವಟಿಕೆ, ದೇಹ ಹೀರಿದ ಶಕ್ತಿ ಮತ್ತು ಅದರಿಂದಾಗುವ ಹಾನಿ ಬೇರೆಬೇರೆ. ಎಕ್ಸ್ ಕಿರಣಗಳ ಮೊದಲ ದಿನಗಳಲ್ಲಿ ಚರ್ಮ ಕೆಂಪಾಗುವುದನ್ನೇ ವೈದ್ಯರು ಅಳತೆಯಾಗಿಸಿಕೊಂಡಿದ್ದರು. 1928ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನವು ಗಾಳಿಯಲ್ಲಿ ಹುಟ್ಟುವ ವಿದ್ಯುದಾವೇಶವನ್ನು ಆಧರಿಸಿ ರಾಂಟ್ಜೆನ್ ಮಾನವನ್ನು ಒಪ್ಪಿತು, 1953ರಲ್ಲಿ ಹೀರಿದ ಶಕ್ತಿಗೆ ರ್‍ಯಾಡ್ ಬಂತು. ರ್‍ಯಾಡ್‌ಗೆ ಬದಲಾಗಿ 1975ರಲ್ಲಿ, ಕಿಲೋಗ್ರಾಮಿಗೆ ಒಂದು ಜೂಲ್ ಶಕ್ತಿ ಎಂಬ ಅರ್ಥದಲ್ಲಿ, ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಗ್ರೇ ಅವರ ಹೆಸರಿನ ‘ಗ್ರೇ’ ಬಂತು. ಜೈವಿಕ ಹಾನಿಯನ್ನು ಲೆಕ್ಕಕ್ಕೆ ಹಿಡಿಯುವ ‘ಸೀವರ್ಟ್’ 1979ರಲ್ಲಿ ಸ್ವೀಡನ್ನಿನ ರೋಲ್ಫ್ ಸೀವರ್ಟ್ ಅವರ ಹೆಸರಿನಲ್ಲಿ ಸೇರಿತು. ಪತ್ರಿಕಾ ವರದಿಗಳಲ್ಲಿ ಚಟುವಟಿಕೆಯ ಇಂದಿನ ಮಾನವಾದ ಬೆಕೆರೆಲ್ ಮತ್ತು ಹಾನಿಯ ಮಾನವಾದ ಸೀವರ್ಟ್ ಎರಡನ್ನೂ ಒಂದೇ ಎಂಬಂತೆ ಬಳಸುವುದು ಜನರನ್ನು ವಿನಾಕಾರಣ ಬೆದರಿಸುತ್ತದೆ, ಇಲ್ಲವೇ ವಿನಾಕಾರಣ ಸಮಾಧಾನಪಡಿಸುತ್ತದೆ.

ಬೆಕೆರೆಲ್ ಹುಟ್ಟಿದ್ದೂ 1975ರ ತೂಕ ಮತ್ತು ಅಳತೆಗಳ ಮಹಾಸಮ್ಮೇಳನದಲ್ಲೇ. ಸೆಕೆಂಡಿಗೆ ಒಂದು ಕ್ಷಯವೆಂಬುದೇ ಅದರ ಪೂರ್ತಿ ಅರ್ಥ. ಅದಕ್ಕಿಂತ ಸರಳವಾದ ವ್ಯಾಖ್ಯೆ ಸಾಧ್ಯವಿಲ್ಲ. ಆದರೆ ಕ್ಯೂರಿ ಎಷ್ಟು ದೊಡ್ಡದೋ ಬೆಕೆರೆಲ್ ಅಷ್ಟೇ ಸಣ್ಣದು. ಆರೋಗ್ಯವಂತ ಮನುಷ್ಯನ ದೇಹದಲ್ಲಿ ಸಹಜವಾಗಿರುವ ಪೊಟ್ಯಾಸಿಯಂ-40 ಒಂದರಿಂದಲೇ ಸುಮಾರು 4,000 ಬೆಕೆರೆಲ್ ಲೆಕ್ಕ ಸಿಗುತ್ತದೆ. ಮಾನ ಇಷ್ಟು ಸಣ್ಣದಾದುದರ ಪರಿಣಾಮ 1986ರಲ್ಲಿ ಚೆರ್ನೋಬಿಲ್ ದುರಂತದ ಕಾಲಕ್ಕೆ ಕಂಡುಬಂತು. ಹೊರಬಿದ್ದ ವಿಕಿರಣಶೀಲತೆ ಜಡ ಅನಿಲಗಳನ್ನು ಬಿಟ್ಟು ಸುಮಾರು 5 ಕೋಟಿ ಕ್ಯೂರಿ ಎಂದು ಆ ವರ್ಷದ ಆಗಸ್ಟಿನಲ್ಲಿ ಸೋವಿಯತ್ ತಜ್ಞರು ವಿಯೆನ್ನಾದಲ್ಲಿ ವರದಿ ಮಾಡಿದರು. ಅದನ್ನೇ ಬೆಕೆರೆಲ್ಲಿನಲ್ಲಿ ಹೇಳಿದರೆ 185ರ ಮುಂದೆ ಹದಿನಾರು ಸೊನ್ನೆಗಳನ್ನು ಬರೆಯಬೇಕು. ಯುರೋಪಿಯನ್ ಸಮುದಾಯವು ಹಾಲು ಮತ್ತು ಶಿಶು ಆಹಾರದಲ್ಲಿ ಸೀಸಿಯಮ್ಮಿನ ಮಿತಿಯನ್ನು ಕಿಲೋಗ್ರಾಮಿಗೆ 370 ಬೆಕೆರೆಲ್ ಎಂದು ನಿಗದಿ ಮಾಡಿತು. 370 ಎಂಬ ಈ ಅಂಕಿಯನ್ನು 3,700 ಕೋಟಿಯಿಂದ ಭಾಗಿಸಿದರೆ ಸರಿಯಾಗಿ ಒಂದು ಕ್ಯೂರಿಯ ಹತ್ತು ಕೋಟಿಯಲ್ಲೊಂದು ಭಾಗ ಬರುತ್ತದೆ. ಬ್ರಸೆಲ್ಸಿನಲ್ಲಿ ಮೇರಿ ಅವರು ಕ್ಯೂರಿ ಎಂಬ ಹೆಸರಿಗೆ ತಕ್ಕುದಲ್ಲವೆಂದು ನಿರಾಕರಿಸಿದ್ದ ಸಣ್ಣ ಮಾನದ ಮಟ್ಟವೂ ಅದೇ.

ಹಳೆಯ ಮಾನ ಅಧಿಕೃತ ಪಟ್ಟಿಯಿಂದ ಸರಿದಿದ್ದರೂ ಬಳಕೆಯಿಂದ ಹೋಗಿಲ್ಲ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131ರ ಪ್ರಮಾಣವನ್ನು ಭಾರತದ ಆಸ್ಪತ್ರೆಗಳಲ್ಲಿ ಇಂದಿಗೂ ಮಿಲಿಕ್ಯೂರಿಯಲ್ಲಿ ಬರೆಯುವುದು ಸಾಮಾನ್ಯ. ಅಮೆರಿಕದಲ್ಲಿ ಮನೆಯೊಳಗಿನ ಗಾಳಿಯಲ್ಲಿ ಸೇರಿಕೊಳ್ಳುವ ರೇಡಾನ್, ಎಂದರೆ 1910ರಲ್ಲಿ ಕ್ಯೂರಿಯ ವ್ಯಾಖ್ಯೆಗೆ ಆಧಾರವಾದ ಅದೇ ಅನಿಲ, ಲೀಟರಿಗೆ 4 ಪಿಕೋಕ್ಯೂರಿ ತಲುಪಿದರೆ ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು ಏಳು ಸೆಕೆಂಡಿಗೆ ಒಂದು ರೇಡಾನ್ ಪರಮಾಣು ಕ್ಷಯಿಸುವುದು ಎಂದು ಅದರ ಅರ್ಥ.